ಹೇಸಿಗೆಗೆ ಮದ್ದು

ಕೀಮೋ ಹಾಕಿಸಿಕೊಂಡ ಕೆಲವರಿಗೆ ಅನ್ನದ ವಾಸನೆ ಬಂದರೂ ಹೇಸಿಗೆಯಾಗುತ್ತದೆ. ಮಿದುಳಿನಲ್ಲಿ ಆ ಹೇಸಿಗೆ ಹುಟ್ಟಿಸುವ ಪ್ರೋಟೀನನ್ನು ಹುಡುಕಿ, ಅದನ್ನು ತಡೆಯುವ ಮಾತ್ರೆ ಮಾಡಲು ನಮ್ಮ ಲ್ಯಾಬಿನ ಮೇಡಂಗೆ ಹನ್ನೊಂದು ವರ್ಷ ಹಿಡಿಯಿತು.

ಸುದ್ದಿ ಕೇಳಿ ಒಳಚರಂಡಿ ಗುತ್ತಿಗೆದಾರನೊಬ್ಬ ಬಂದ.

"ಇದನ್ನ ನುಂಗಿದ್ರೆ ಮ್ಯಾನ್‌ಹೋಲಿಗೆ ಇಳಿಯೋರಿಗೂ ಹೇಸಿಗೆ ಆಗಲ್ವಾ ಮೇಡಂ?"

"ಆಗಲ್ಲ."

"ಹಾಗಾದ್ರೆ ಕ್ಲೀನ್ ಮಾಡೋ ಮಷೀನು ಯಾಕೆ ದಂಡಕ್ಕೆ? ದಿನಾ ಒಂದೊಂದು ನುಂಗಿಸಿ ಇಳಿಸ್ತೀನಿ. ಅಷ್ಟೂ ಮಾತ್ರೆ ನನಗೇ ಕೊಟ್ಬಿಡಿ."

ಥೂ! ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು ನನಗೆ. ಮೇಡಂ ಈಗ ಕತ್ತು ಹಿಡಿದು ಆಚೆ ದಬ್ಬುತ್ತಾರೆ ಅಂತ ಅವರ ಕಡೆ ತಿರುಗಿದೆ.

ಅವನು ಚಾಚಿದ ಕರಾರುಪತ್ರಕ್ಕೆ ಅವರು ನಗುನಗುತ್ತಾ ಸಹಿ ಹಾಕುತ್ತಿದ್ದರು.

ಮೊದಲ ಮಾತ್ರೆಯನ್ನು ಅವತ್ತು ಬೆಳಿಗ್ಗೆ ತಾವೇ ನುಂಗಿ ನೋಡಿದ್ದರು.