ಎರಡು ಚಮಚ ಸಕ್ಕರೆ

ಅಡುಗೆಮನೆಯ ಯಂತ್ರ ದರ್ಜಿಯ ಲೋಟಕ್ಕೆ ತಾನಾಗಿಯೇ ಎರಡು ಚಮಚ ಸಕ್ಕರೆ ಸುರಿದದ್ದನ್ನು ಕಂಡು ಅವರ ಹೆಂಡತಿ ತನ್ನ ಲೋಟ ತೊಳೆಯುವುದನ್ನು ನಿಲ್ಲಿಸಿದಳು. ಊರಲ್ಲಿ ಯಾರು ಏನು ತಿನ್ನಬೇಕು, ಎಷ್ಟು ಹೊತ್ತು ಮಲಗಬೇಕು ಎಂಬುದೆಲ್ಲ ಯಂತ್ರಗಳದೇ ಅಪ್ಪಣೆ. ವರ್ಷಗಟ್ಟಲೆ ಅಂಗಲಾಚಿದರೂ ಅದು ದರ್ಜಿಗೆ ಒಂದು ಹರಳು ಸಕ್ಕರೆ ಬಿಟ್ಟಿರಲಿಲ್ಲ.

"ನೋಡೇ, ಕೊನೆಗೂ ಈ ಜಿಪುಣನಿಗೆ ಬುದ್ಧಿ ಬಂತು," ಎಂದು ದರ್ಜಿ ಬಾಯಿ ಚಪ್ಪರಿಸಿದರು. "ದಿನಾ ಬೈದಿದ್ದು ದಂಡ ಆಗಲಿಲ್ಲ."

ಹೋದ ತಿಂಗಳು ಪಕ್ಕದ ಮನೆಯ ಮೇಷ್ಟರಿಗೂ ಅವರ ಮನೆಯ ಯಂತ್ರ ಇದ್ದಕ್ಕಿದ್ದಂತೆ ಸಿಗರೇಟು ಕೊಟ್ಟಿತ್ತು. ಅವರು ವಾರ ದಾಟಲಿಲ್ಲ. ಯಂತ್ರ ಪಥ್ಯ ಸಡಿಲಿಸುವುದು ದಿನ ಮುಗಿದವರಿಗೆ ಮಾತ್ರ ಎಂದು ಅವಳಿಗೆ ಅಂದೇ ತಿಳಿದಿತ್ತು. ಗಂಡನಿಗೆ ಹೇಳಿರಲಿಲ್ಲ.

"ನೀನೂ ಕೇಳೇ, ಇವತ್ತು ಒಳ್ಳೇ ಮೂಡಲ್ಲಿದೆ."

ಅವಳು ತನ್ನ ಲೋಟವನ್ನು ಯಂತ್ರದ ಕೆಳಗಿಟ್ಟು, "ನನಗೂ ಎರಡು ಚಮಚ ಹಾಕಪ್ಪಾ," ಎಂದು ಮೆಲ್ಲಗೆ ಬೇಡಿಕೊಂಡಳು. ಅದು ಎಂದಿನಂತೆ ಸಪ್ಪೆ ಟೀ ಸುರಿಯಿತು.