ಕೋಸಿನ ಬುಡ

ವನಜಾಕ್ಷಿ ಮೇಡಂ ಬೇರುಸಮೇತ ಕಿತ್ತು ತಂದಿದ್ದ ಎಲೆಕೋಸಿನ ಬುಡವನ್ನು ಚೀಲದಿಂದ ತೆಗೆದು, ತಮ್ಮ ಹಳೆಯ ವಿದ್ಯಾರ್ಥಿನಿ ಮಂಜುಶ್ರೀಯ ಮುಂದೆ ಹಿಡಿದರು. ಹೋದ ತಿಂಗಳು ತುಮಕೂರಿನ ತಮ್ಮ ಮನೆಯ ಹಿತ್ತಲಲ್ಲಿ ಕೋಸು ಕೊಯ್ದುಕೊಂಡು ಹಾಗೇ ಬಿಟ್ಟಿದ್ದ ಮೋಟು ದಂಟು ಅದು. ಈಗ ಅದರ ಸುತ್ತ ನಿಂಬೆಹಣ್ಣಿನ ಗಾತ್ರದ ನಾಲ್ಕು ಪುಟ್ಟ ಕೋಸುಗಳು ಎಲೆ ಮುಚ್ಚಿಕೊಂಡು ಕೂತಿದ್ದವು.

"ಅವತ್ತು ನೀನು ಹೇಳಿದ್ದೇ ಸರಿ ಕಣೇ," ಎಂದರು ಮೇಡಂ.

ಹದಿಮೂರು ವರ್ಷಗಳ ಹಿಂದೆ, ಏಳನೇ ಕ್ಲಾಸಿನಲ್ಲಿ, ಕೋಸು ಕೊಯ್ದರೆ ಗಿಡ ಸಾಯುತ್ತದೆಂದು ಮೇಡಂ ಪಾಠ ಹೇಳುವಾಗ, ಕೋಸು ಬೆಳೆಯುವವರ ಮನೆಯ ಈ ಹುಡುಗಿ ಎದ್ದು ನಿಂತಿದ್ದಳು. "ಕೊಯ್ದ್ರೂ ಬುಡ ಸಾಯಲ್ಲ ಮಿಸ್, ತಿರ್ಗಾ ಮರಿ ಹಾಕ್ತದೆ."

"ಮರಿ ಹಾಕೋಕೆ ಅದೇನು ಕುರಿಯೇನೇ?" ಎಂದು ಮೇಡಂ ನಕ್ಕಿದ್ದರು. ಇಡೀ ಕ್ಲಾಸು ನಕ್ಕಿತ್ತು. ಅಂದಿನಿಂದ ಅವಳು ಎಲ್ಲರ ಬಾಯಲ್ಲಿ 'ಕುರಿಕೋಸು' ಆದಳು. ಆ ವರ್ಷವೇ ಶಾಲೆ ಬಿಟ್ಟಳು. ಈಗ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ.

ಮಂಜುಶ್ರೀ ಒಂದು ಪುಟ್ಟ ಕೋಸನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಮಾರನೇ ದಿನಾನೇ ಇಂಥದ್ದೇ ಒಂದ್ನ ಕಿತ್ಕೊಂಡ್ ಬಂದಿದ್ದೆ ಮಿಸ್. ನಿಮಗೆ ತೋರ್ಸಕ್ಕೆ ಅಂತ. ನಿಮ್ ಟೇಬಲ್ ಮೇಲೆ ಇಟ್ಟಿದ್ದೆ."

ಮೇಡಂಗೆ ಆಗ ನೆನಪಾಯಿತು. ಹಾಜರಿ ಪುಸ್ತಕದ ಮೇಲೆ ಉದುರಿದ್ದ ಹಸಿ ಮಣ್ಣು. ಅದನ್ನು ಕಂಡು ರೇಗಿ, ಏನು ತಂದಿದ್ದಾಳೆಂದು ಕೂಡ ನೋಡದೆ, ಅವಳ ಕೈಯಿಂದಲೇ ಕಿಟಕಿಯಾಚೆ ಎಸೆಯಿಸಿದ್ದರು.

ನಕ್ಕಿದ್ದಕ್ಕಷ್ಟೇ ಕ್ಷಮೆ ಕೇಳಲು ಬಂದಿದ್ದ ಅವರು, ಆ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಮಂಜುಶ್ರೀಯ ಕೈಗಿಟ್ಟರು.