ಕೆಡದ ಗಡಿಯಾರ

"ಇಲ್ಲಿ ಗುಬ್ಬಿ ಅಂದ್ರೆ ಯಾರು?"

ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ತಲೆಯೆತ್ತಿದ. ಮೇಜಿನಾಚೆ ನರ್ಸಮ್ಮನೊಬ್ಬಳು ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ದೊಡ್ಡ ಗಂಟೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಐವತ್ತು ಮುಟ್ಟುತ್ತಿದ್ದ, ಕುರ್ಚಿ ತುಂಬ ಕೂತಿದ್ದ ಅವನನ್ನು ಆ ಹೆಸರು ಹಿಡಿದು ಕರೆಯುವ ಜೀವ ಲೋಕದಲ್ಲಿ ಒಂದೇ ಇತ್ತು. ಆ ಜೀವ ಹೋಗಿ ಇವತ್ತಿಗೆ ಹದಿನಾರು ದಿನ.

"ನಾನೇ," ಎಂದ.

ನರ್ಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಬಂದ ನಗುವನ್ನು ನುಂಗಿಕೊಂಡಳು. "ನಿಮ್ಮತ್ತೆ ಪಕ್ಕದ ಮನೆಯವಳು ನಾನು. ಇದನ್ನ ಗುಬ್ಬಿ ಕೈಗೇ ಕೊಡಬೇಕು ಅಂದಿದ್ರು." ಗಂಟು ಬಿಚ್ಚಿದಳು. ಅತ್ತೆಯ ಗೋಡೆ ಗಡಿಯಾರ. ಮರದ ಪೆಟ್ಟಿಗೆ, ಕೆಳಗೆ ಲೋಲಕ ಕಾಣದಂತೆ ಹೂ ಬರೆದ ಗಾಜಿನ ಬಾಗಿಲು. ಹತ್ತೂ ಇಪ್ಪತ್ತು ತೋರಿಸುತ್ತಿತ್ತು. ಅಭ್ಯಾಸಬಲದಿಂದ ತನ್ನ ಕೈಗಡಿಯಾರ ನೋಡಿಕೊಂಡ. ಹತ್ತೂ ಇಪ್ಪತ್ತೇ.

ಅತ್ತೆ ಹೊಲಿಗೆಯಲ್ಲೇ ಬದುಕು ಸವೆಸಿದವಳು. ಗಂಡ, ಮಕ್ಕಳು ಅನ್ನುವ ಗೊಡವೆಗೆ ಹೋದವಳಲ್ಲ. ಅವನು ಚಿಕ್ಕವನಿದ್ದಾಗ ಅಪ್ಪ ಪ್ರತಿ ಭಾನುವಾರ ಅವನನ್ನು ಈ ತಂಗಿಯ ಮನೆಯಲ್ಲಿ ಬಿಟ್ಟು, ಸಂಜೆ ಐದಕ್ಕೆ ಕರೆದೊಯ್ಯಲು ಬರುತ್ತಿದ್ದ. ನಾಲ್ಕೂವರೆ ಆಯಿತೋ ಇಲ್ಲವೋ, ಅತ್ತೆ ಸ್ಟೂಲು ಹತ್ತಿ ಹೂವಿನ ಗಾಜು ತೆರೆದು ಲೋಲಕವನ್ನು ಪಕ್ಕದ ಮೊಳೆಗೆ ದಾರದಿಂದ ಕಟ್ಟಿಹಾಕುತ್ತಿದ್ದಳು. "ಐದು ಹೊಡೀದೆ ನನ್ನ ಗುಬ್ಬೀನ ಯಾರು ಕರ್ಕೊಂಡು ಹೋಗ್ತಾರೋ ನೋಡೇಬಿಡೋಣ," ಎಂದು ಕಣ್ಣು ಮಿಟುಕಿಸುವಳು. ಗಡಿಯಾರಗಳ ಗಂಧಗಾಳಿ ಇಲ್ಲದ ಅಪ್ಪನಿಗೂ ಅವಳ ಈ ಆಟ ಗೊತ್ತಿತ್ತು. ಆದರೂ ಬಂದವನು ಗೋಡೆ ನೋಡಿ, ಕೈಗಡಿಯಾರವನ್ನು ಮೆಲ್ಲಗೆ ಅಂಗಿಯ ತೋಳಿನೊಳಗೆ ಸರಿಸಿಕೊಂಡು, "ಅರೆ, ಇನ್ನೂ ನಾಲ್ಕೂವರೆನಾ? ಹಾಗಾದ್ರೆ ಒಂದು ಲೋಟ ಟೀ ಕೊಡೇ," ಎಂದು ಕೂತುಬಿಡುತ್ತಿದ್ದ. ದೇವರು ಅಳೆದು ಕೊಟ್ಟ ಹೊತ್ತಿಗೆ ಅತ್ತೆ ಒಂದು ತುಂಡು ಹೊತ್ತನ್ನು ಹೊಲಿದು ಸೇರಿಸಿದಂತೆ ಇರುತ್ತಿತ್ತು ಆ ಅರ್ಧ ಗಂಟೆ.

ಗುಬ್ಬಿ ಬೆಳೆದು ಗಡಿಯಾರದ ಅಂಗಡಿ ಇಟ್ಟ. ಅತ್ತೆಯ ಮನೆಗೆ ಹೋಗುವುದು ಅಪರೂಪವಾಯಿತು; ಅತ್ತೆಯೇ ತಿಂಗಳಿಗೊಮ್ಮೆ ಬರುತ್ತಿದ್ದಳು. ಕೆಲಸ ಮಾಡುವವರ ಎದುರು ಕೆಲಸವಿಲ್ಲದೆ ಹೋಗಿ ಕೂರಬಾರದು ಅನ್ನುವುದು ಅವಳ ನೇಮ. ಹಾಗಾಗಿ ಎರಡು ಬಸ್ಸು ಬದಲಿಸಿ ಬರುವಾಗಲೆಲ್ಲ ಬಗಲಲ್ಲಿ ಆ ಭಾರದ ಗಡಿಯಾರ ಇರಲೇಬೇಕು.

"ಲೋ ಗುಬ್ಬಿ, ಮತ್ತೆ ನಿಂತೋಯ್ತು ನೋಡೋ."

ಬಿಚ್ಚಿ ನೋಡಿದರೆ ಒಳಗಿನ ಹಲ್ಲುಚಕ್ರಕ್ಕೆ ಒಂದೆಳೆ ದಾರ ಸುತ್ತಿಕೊಂಡಿರುತ್ತಿತ್ತು. "ಹೊಲಿಗೆ ಮಷಿನ್ ಹತ್ರ ಇದನ್ನ ತೂಗುಹಾಕಬೇಡ ಅಂತ ಎಷ್ಟು ಸಲ ಹೇಳೋದು ಅತ್ತೆ? ದಾರ ಹಾರಿ ಬಂದು ಒಳಗೆ ಸೇರ್ಕೊಳ್ತಿದೆ."

"ಹಾರ್ತದಪ್ಪ, ನಾನೇನು ಮಾಡ್ಲಿ? ದಾರಕ್ಕೇನು ಬುದ್ಧಿ ಇದೆಯಾ?" ಅತ್ತೆ ಸ್ಟೂಲಿನ ಮೇಲೆ ಕೂತು ಅವನ ಮುಖವನ್ನೇ ನೋಡುವಳು. "ನಿಧಾನಕ್ಕೆ ಮಾಡು. ನನಗೇನೂ ಅವಸರ ಇಲ್ಲ."

ಹೋದ ವರ್ಷ ಅಂಗಡಿಯಲ್ಲಿ ಗಿರಾಕಿಗಳು ಕಿಕ್ಕಿರಿದಿದ್ದ ದಿನ ಅವಳು ಬಂದಳು. ಅವನಿಗೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ಅಷ್ಟು ಭಾರ ಹೊತ್ತು ತಿರುಗುತ್ತಾಳಲ್ಲ ಎಂದು ಕರುಳು ಚುರ್ರೆಂದಿದ್ದೂ ನಿಜ. ಹಳೇ ಚಕ್ರಗಳನ್ನೆಲ್ಲ ಕಿತ್ತು, ಬ್ಯಾಟರಿಯ ಹೊಸ ಯಂತ್ರ ಕೂರಿಸಿದ. ಲೋಲಕವನ್ನು ಮಾತ್ರ ಬರೀ ನೋಟಕ್ಕೆ ತೂಗಲಿ ಎಂದು ಬಿಟ್ಟ.

"ತಗೋ ಅತ್ತೆ. ಇನ್ನು ಹತ್ತು ವರ್ಷ ನೀನು ಈ ಕಡೆ ತಲೆ ಹಾಕೋ ಹಾಗೇ ಇಲ್ಲ!"

"ಕೆಡೋದೇ ಇಲ್ವೇನೋ?"

"ಕೆಡೋದೇ ಇಲ್ಲ."

ಅತ್ತೆ ಸ್ವಲ್ಪ ಹೊತ್ತು ಗಡಿಯಾರದ ಮೇಲೆ ಕೈಯಾಡಿಸಿದಳು. "ಒಳ್ಳೇದಾಯ್ತು ಬಿಡು," ಎಂದು ಎದ್ದಳು. ಆಮೇಲೆ ಬರಲಿಲ್ಲ. "ಈ ಭಾನುವಾರ ಖಂಡಿತ ಬರ್ತೀನಿ," ಎಂದು ಅವನು ಫೋನಿನಲ್ಲಿ ಹೇಳುತ್ತಿದ್ದ. ಭಾನುವಾರಗಳು ಬಂದವು, ಹೋದವು.

"ಎಷ್ಟು ಚೆನ್ನಾಗಿ ಮಾಡ್ಕೊಟ್ಟಿದಾನೆ ನನ್ನ ಗುಬ್ಬಿ ಅಂತ ಬಂದವರಿಗೆಲ್ಲ ತೋರಿಸ್ತಿದ್ರು," ಎಂದಳು ನರ್ಸಮ್ಮ, ಬೆಡ್‌ಶೀಟು ಮಡಚುತ್ತ. "ಒಬ್ಬರೇ ಇರುವಾಗ ಮಾತ್ರ ಅದಕ್ಕೆ ಬೈಗುಳ. ಗೋಡೆಯಾಚೆ ನನಗೆ ಕೇಳಿಸ್ತಿತ್ತಲ್ಲ. 'ಹಾಳಾದ್ದು, ಏನು ಮಾಡಿದ್ರೂ ನಿಲ್ಲಲ್ವಲ್ಲ' ಅಂತ. ನಡೆಯೋ ಗಡಿಯಾರದ ಮೇಲೆ ಅದೇನು ಸಿಟ್ಟೋ!"

ಅವನು ಗಡಿಯಾರವನ್ನು ತನ್ನತ್ತ ಎಳೆದುಕೊಂಡ. ಹೂ ಬರೆದ ಗಾಜಿನ ಬಾಗಿಲನ್ನು ಮೆಲ್ಲಗೆ ತೆರೆದ.

ಲೋಲಕವನ್ನು ಪಕ್ಕದ ಮೊಳೆಗೆ ಬಿಗಿದು ಕಟ್ಟಿತ್ತು. ಒಂದು ದಾರವಲ್ಲ. ಬಿಳಿಯದರ ಮೇಲೆ ಕೆಂಪು, ಕೆಂಪಿನ ಮೇಲೆ ನೀಲಿ, ನೀಲಿಯ ಮೇಲೆ ಕಪ್ಪು. ಒಂದೊಂದು ಸಲ ಒಂದೊಂದು ಬಣ್ಣ, ಸುತ್ತಿನ ಮೇಲೆ ಸುತ್ತು, ಗಂಟಿನ ಮೇಲೆ ಗಂಟು. ಕಣ್ಣು ಮಂಜಾದವಳು ತಡಕಾಡಿ ಹಾಕಿದ ಗಂಟುಗಳು.

ಮೇಲೆ ಮುಳ್ಳುಗಳು ಹತ್ತೂ ಇಪ್ಪತ್ತೈದನ್ನು ದಾಟಿ, ಒಂದು ಕ್ಷಣವೂ ತಪ್ಪದೆ, ತಮ್ಮ ಪಾಡಿಗೆ ನಡೆಯುತ್ತಲೇ ಇದ್ದವು.